ಅಪ್‌ಡೇಟ್: ನಾಯಿ ತರಬೇತಿಯ ಫ್ರಾಂಚೈಸಿ ತೆಗೆದುಕೊಂಡೆನೇ?

ಬ್ಯಾಂಕ್ ಕೆಲಸ ಬಿಟ್ಟು ಮಂಗಳೂರಿನಲ್ಲಿ ನಾಯಿ ತರಬೇತಿಯ ಫ್ರಾಂಚೈಸಿ (ಕಂಪನಿಯೊಂದರ ಹೆಸರಿನಲ್ಲಿ ಶಾಖೆ ನಡೆಸುವ ಹಕ್ಕು) ಕೊಳ್ಳಲೇ ಎಂದು ಮೂರು ವಾರಗಳ ಹಿಂದೆ ಇಲ್ಲೇ ಕೇಳಿದ್ದೆ. ಸಹಿ ಹಾಕಲಿಲ್ಲ.

‘ಕರಾರುಪತ್ರವನ್ನು ಮೊದಲು ವಕೀಲರಿಗೆ ತೋರಿಸಿ’ ಎಂದವರಿಗೆ ದೊಡ್ಡ ನಮಸ್ಕಾರ. ರಾಯಲ್ಟಿ, ಅಂದರೆ ಕಂಪನಿಗೆ ಕಟ್ಟಬೇಕಾದ ಪಾಲು, ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. ನಷ್ಟವಾದ ತಿಂಗಳಲ್ಲೂ ಕಟ್ಟಲೇಬೇಕು. ಕಂಪನಿ ಇಲ್ಲೇ ಹತ್ತಿರದ ಸುರತ್ಕಲ್‌ನಲ್ಲಿ ಇನ್ನೊಬ್ಬರಿಗೆ ಶಾಖೆ ಕೊಡುವುದಕ್ಕೂ ತಡೆಯಿಲ್ಲ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ, 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ ಎಂಬುದು ನನಗೆ ಹೊಸ ಸಂಗತಿ.

‘ಹಳೆಯ ಫ್ರಾಂಚೈಸಿದಾರರನ್ನು ಕೇಳಿ’ ಎಂಬ ಸಲಹೆ ಫಲಿಸಲಿಲ್ಲ. ಕಂಪನಿಯೇ ಕೊಟ್ಟ ಎರಡು ನಂಬರುಗಳಿಂದ ಬಂದದ್ದು ಬರೀ ಹೊಗಳಿಕೆ.

ಮಳೆಯ ವಿಷಯವನ್ನಂತೂ ಯಾರೂ ಎತ್ತಿರಲಿಲ್ಲ, ನಾನೂ ಯೋಚಿಸಿರಲಿಲ್ಲ! ಕಂಪನಿಯ ಲೆಕ್ಕದಲ್ಲಿ ಹನ್ನೆರಡು ತಿಂಗಳೂ ಮೈದಾನದ ತರಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕೊಡೆ ಹಿಡಿದು ನಾಯಿ ನಡೆಸುವುದೇ ಕಷ್ಟ.

ಈಗ ಕೆಲಸ ಬಿಡದೆ, ಶನಿವಾರ, ಭಾನುವಾರ ಕದ್ರಿಯ ತರಬೇತುದಾರರೊಬ್ಬರ ಜೊತೆ ಹೋಗುತ್ತಿದ್ದೇನೆ. ಕಳೆದ ವಾರ ಒಂದು ಲ್ಯಾಬ್ರಡಾರ್ ಎಷ್ಟು ಹೇಳಿದರೂ ಕೂರಲಿಲ್ಲ. ನೋಡಿದರೆ ಆ ಮನೆಯ ಅಜ್ಜಿ ತುಳುವಿನಲ್ಲಿ ‘ಕುಲ್ಲು’, ಸೊಸೆ ‘ಕೂರು’, ಮೊಮ್ಮಗ ‘ಸಿಟ್’! ಎಲ್ಲರಿಗೂ ‘ಕುಲ್ಲು’ ಎಂದು ಗೊತ್ತುಪಡಿಸಿ, ಕೂತ ಕ್ಷಣವೇ ಬೇಯಿಸಿದ ಕೋಳಿಯ ಚೂರು ಕೊಟ್ಟೆವು. ಹತ್ತು ನಿಮಿಷದಲ್ಲಿ ಕೂತಿತು. ಅಜ್ಜಿಗೆ ಈಗ ವಿಪರೀತ ಹೆಮ್ಮೆ.