ಸ್ಪೇಸ್ ಸ್ಟಡೀಸ್‌ನಲ್ಲಿ ಮಾಸ್ಟರ್ಸ್: ಲಾ ಓದಿದವರು ಸೇರಬಹುದಾ?

ಪ್ರಶ್ನೆ: ಸರ್, ನಾನು ಲಾ ಮುಗಿಸಿದ್ದೇನೆ. ಚಿಕ್ಕಂದಿನಿಂದ ಬಾಹ್ಯಾಕಾಶದ ಹುಚ್ಚು. ವಿಜ್ಞಾನ, ಎಂಜಿನಿಯರಿಂಗ್, ಕಾನೂನು, ವೈದ್ಯಕೀಯ, ವ್ಯವಹಾರ ಎಲ್ಲವನ್ನೂ ಸೇರಿಸಿ ಕಲಿಸುವ ಸ್ಪೇಸ್ ಸ್ಟಡೀಸ್ ಅಂತ ಮಾಸ್ಟರ್ಸ್ ಕೋರ್ಸ್‌ಗಳಿವೆಯಲ್ಲ, ಅದಕ್ಕೆ ಸೇರಬೇಕು ಅಂತಿದೆ. ಆದರೆ ಗಣಿತ ಬಿಟ್ಟು ಎಷ್ಟೋ ವರ್ಷವಾಯ್ತು. ಎಲ್ಲವನ್ನೂ ಚೂರುಚೂರು ಕಲಿತು ಯಾವುದಕ್ಕೂ ಸಲ್ಲದವಳಾಗ್ತೀನಾ ಅನ್ನೋ ಭಯ.

ಉತ್ತರ: ಧಾರಾಳವಾಗಿ ಸೇರಿ. ಅಮೆರಿಕದ ನಾರ್ತ್ ಡಕೋಟ ವಿಶ್ವವಿದ್ಯಾಲಯದಲ್ಲಿ ಸ್ಪೇಸ್ ಸ್ಟಡೀಸ್ ವಿಭಾಗ ಶುರುವಾಗಿದ್ದು 1987ರಲ್ಲಿ. ಇಂಟರ್‌ನ್ಯಾಷನಲ್ ಸ್ಪೇಸ್ ಯೂನಿವರ್ಸಿಟಿ ಹುಟ್ಟಿದ್ದೂ ಅದೇ ವರ್ಷ. ಅದರ ಕ್ಯಾಂಪಸ್ ಈಗ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಪಕ್ಕದಲ್ಲಿದೆ. ಎರಡೂ ಕಡೆ ಎಂಜಿನಿಯರ್ ಅಲ್ಲದವರೂ ಓದುತ್ತಾರೆ.

ನಿಮ್ಮ ಭಯ ಸುಳ್ಳಲ್ಲ. ಈ ಡಿಗ್ರಿ ಒಂದರಿಂದಲೇ ಯಾರೂ ಉಪಗ್ರಹ ಕಟ್ಟುವ ಎಂಜಿನಿಯರ್ ಆಗುವುದಿಲ್ಲ, ವಕೀಲರೂ ಆಗುವುದಿಲ್ಲ. ಕೈಯಲ್ಲಿ ಮೊದಲೇ ಒಂದು ಕಸುಬು ಇದ್ದವರಿಗೆ ಇದು ತುಂಬಾ ಉಪಯೋಗ. ಏನೂ ಇಲ್ಲದೆ, ಸುಮ್ನೆ ರಾಕೆಟ್ ಮೇಲಿನ ಪ್ರೀತಿಗೆ ಬಂದವರು ಆಮೇಲೆ ಕೆಲಸ ಹುಡುಕುವಾಗ ಒದ್ದಾಡುತ್ತಾರೆ. ನಿಮ್ಮ ಹತ್ತಿರ ಕಾನೂನಿದೆ. ಅದನ್ನು ಬಿಡಬೇಡಿ.

ಕ್ಲಾಸಿನಲ್ಲಿ ಏನು ನಡೆಯುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ. ಭೂಮಿಯ ಫೋಟೋ ತೆಗೆಯುವ ಒಂದು ಉಪಗ್ರಹವನ್ನು ಕಾಗದದ ಮೇಲೆ ರೂಪಿಸಲು ಒಂದು ತಂಡಕ್ಕೆ ಕೊಡುತ್ತಾರೆ ಅನ್ನಿ. ಕಕ್ಷೆ 800 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗಾಳಿ ಇಲ್ಲ ಅನ್ನುವಷ್ಟು ತೆಳು. ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟರೆ ಅದು ತಾನಾಗಿ ಕೆಳಗೆ ಬೀಳಲು ನೂರಾರು ವರ್ಷ ಬೇಕಾಗಬಹುದು. ಹಾಗಾಗಿ ಕೆಳಗಿಳಿಸಲೆಂದೇ ಒಂದಿಷ್ಟು ಇಂಧನ ಉಳಿಸಬೇಕು. ಜಗಳ ಶುರುವಾಗೋದೇ ಇಲ್ಲಿ. ಕ್ಯಾಮೆರಾದವನಿಗೆ ಆ ತೂಕ ಬೇಕು. ಲೆಕ್ಕ ನೋಡುವವಳು, ಅದೇ ಇಂಧನದಲ್ಲಿ ಇನ್ನೂ ಸ್ವಲ್ಪ ಕಾಲ ಫೋಟೋ ಮಾರಬಹುದಲ್ಲ ಅಂತಾಳೆ. ಆಗ ಕಾನೂನಿನವರು ಬಾಯಿ ಬಿಡಬೇಕು: ಕೆಲಸ ಮುಗಿದು 25 ವರ್ಷದೊಳಗೆ ಇಳಿಸಿದರೆ ಸಾಕು ಅನ್ನೋದು ಹಳೆಯ ಮಾತು, 2022ರಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಅದನ್ನು 5 ವರ್ಷಕ್ಕೆ ಇಳಿಸಿದೆ, ಲೈಸೆನ್ಸ್ ಬೇಕಿದ್ದರೆ ಇಂಧನ ಇಡಲೇಬೇಕು. ಇದನ್ನು ಹೇಳೋಕೆ ಕಕ್ಷೆಯ ಲೆಕ್ಕ ನೀವೇ ಹಾಕಬೇಕಿಲ್ಲ. ಬೇರೆಯವರು ಹಾಕಿದ್ದು ಅರ್ಥವಾದರೆ ಸಾಕು. ಅಷ್ಟು ಗಣಿತ ಕೆಲವು ತಿಂಗಳಲ್ಲಿ ಕೈಗೆ ಬರುತ್ತೆ.

ಇನ್ನೊಬ್ಬರು: ನಾನು ಮೆಕ್ಯಾನಿಕಲ್ ಎಂಜಿನಿಯರ್. ನನಗೆ ಕಾನೂನು, ಪಾಲಿಸಿ ಎಲ್ಲ ಟೈಂ ವೇಸ್ಟ್ ಅಲ್ವಾ ಸರ್?

ಉತ್ತರ: ಕೆಲವು ಕ್ಲಾಸು ಬೋರ್ ಹೊಡೆಸುತ್ತೆ, ನಿಜ. ಆದರೆ ಇದನ್ನು ನೋಡಿ. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಉಪಗ್ರಹ ಕೆನಡಾದ ಉತ್ತರ ಭಾಗದ ಮೇಲೆ ಚೂರಾಗಿ ಬಿತ್ತು. ಒಳಗೆ ಪರಮಾಣು ರಿಯಾಕ್ಟರ್ ಇತ್ತು. ಹಿಮದಲ್ಲಿ ಚೂರು ಹುಡುಕಿದ ಖರ್ಚಿಗೆ ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು. 1981ರಲ್ಲಿ 30 ಲಕ್ಷಕ್ಕೆ ರಾಜಿಯಾಯ್ತು. ಬಾಹ್ಯಾಕಾಶ ವಸ್ತುಗಳಿಂದಾಗುವ ಹಾನಿಗೆ ಯಾರು ಹೊಣೆ ಅಂತ ಹೇಳುವ 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನೆಲದ ಮೇಲೆ ಹಾನಿಯಾದರೆ ಉಡಾಯಿಸಿದ ದೇಶದ್ದೇ ಹೊಣೆ, ತಪ್ಪು ಯಾರದು ಅಂತ ಕೇಳುವ ಹಾಗೇ ಇಲ್ಲ. ಕಕ್ಷೆಯಲ್ಲೇ ಡಿಕ್ಕಿಯಾದರೆ ಮಾತ್ರ ತಪ್ಪು ಸಾಬೀತು ಮಾಡಬೇಕು. 2009ರಲ್ಲಿ, ಇನ್ನೂ ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ 33 ಉಪಗ್ರಹಕ್ಕೂ ಸತ್ತುಹೋಗಿದ್ದ ರಷ್ಯಾದ ಕಾಸ್ಮಾಸ್ 2251ಕ್ಕೂ ಸೈಬೀರಿಯಾದ ಮೇಲೆ ಡಿಕ್ಕಿಯಾಯ್ತು. ಸತ್ತ ಉಪಗ್ರಹ ಪಕ್ಕಕ್ಕೆ ಸರಿಯೋಕಾಗಲ್ಲ. ಹಾಗಾದರೆ ತಪ್ಪು ಯಾರದು? ನಾಳೆ ನೀವು ಉಪಗ್ರಹ ಓಡಿಸುವ ಕಂಪನಿಯಲ್ಲಿ ಕೂತಾಗ, ಡಿಕ್ಕಿಯ ಎಚ್ಚರಿಕೆ ಬಂದರೆ ಸರಿಸಬೇಕಾ ಬೇಡವಾ ಅನ್ನೋ ಪ್ರಶ್ನೆಯ ಹಿಂದೆ ಇದೂ ಇರುತ್ತೆ.

ಮತ್ತೊಬ್ಬರು: ಫಿಸಿಯೋಥೆರಪಿ ಓದಿದವರಿಗೆ ಏನಾದರೂ ಇದೆಯಾ?

ಉತ್ತರ: ಇದೆ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯಬಹುದು. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮಕ್ಕೆ ಇಡುತ್ತಾರೆ. ಹುದ್ದೆಗಳು ಮಾತ್ರ ಕಡಿಮೆ, ಮೊದಲೇ ಹೇಳಿಬಿಡ್ತೀನಿ.

ಪ್ರಶ್ನೆ (ಮೊದಲಿನವರೇ): ಥ್ಯಾಂಕ್ಸ್ ಸರ್. ಕೋರ್ಸ್ ಆರಿಸುವಾಗ ಏನು ನೋಡಲಿ?

ಉತ್ತರ: ಬ್ರೋಶರ್‌ನಲ್ಲಿರೋ ಗಗನಯಾತ್ರಿಯ ಫೋಟೋ ಬಿಟ್ಟು ಉಳಿದದ್ದೆಲ್ಲ ನೋಡಿ. ಪ್ರಬಂಧಕ್ಕೆ ಗೈಡ್ ಯಾರು, ಅವರಿಗೆ ಸ್ಪೇಸ್ ಲಾ ಗೊತ್ತಾ? ಇಂಟರ್ನ್‌ಶಿಪ್ ಅವರೇ ಕೊಡಿಸ್ತಾರಾ, ನೀವೇ ಹುಡುಕಬೇಕಾ? ಹೋದ ವರ್ಷ ಮುಗಿಸಿದವರು ಈಗೆಲ್ಲಿದ್ದಾರೆ? ನೇರವಾಗಿ ಅವರಿಗೇ ಮೆಸೇಜ್ ಮಾಡಿ ಕೇಳಿ. ಹಾಗೇ ಕಾನೂನೊಂದೇ ಸಾಕು ಅನ್ನಿಸಿದರೆ ಕೆನಡಾದ ಮೆಕ್‌ಗಿಲ್, ನೆದರ್ಲೆಂಡ್ಸ್‌ನ ಲೈಡನ್ ಇವೆ. ಎರಡರಲ್ಲೂ ವಾಯು ಮತ್ತು ಬಾಹ್ಯಾಕಾಶ ಕಾನೂನಿಗೇ ಬೇರೆ ಸಂಸ್ಥೆ ಇದೆ.

ಇನ್ನೊಂದು ವಿಷಯ ಜಾಸ್ತಿ ಜನ ಕೊನೆಗೆ ತಿಳ್ಕೊಳ್ತಾರೆ. ಅಮೆರಿಕದಲ್ಲಿ ಐಟಾರ್ ಅನ್ನೋ ರಫ್ತು ನಿಯಮವಿದೆ, ಅದರಡಿ ಬರುವ ತಂತ್ರಜ್ಞಾನದ ಮಾಹಿತಿಯನ್ನು ಹೊರದೇಶದವರಿಗೆ ಕೊಟ್ಟರೂ ರಫ್ತು ಅಂತಲೇ ಲೆಕ್ಕ. ಅದರಿಂದಾಗಿ ಅಲ್ಲಿನ ಎಷ್ಟೋ ಬಾಹ್ಯಾಕಾಶ ಕಂಪನಿಗಳು ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲ್ಲ. ಓದೋಕೆ ಬಿಡ್ತಾರೆ, ಕೆಲಸ ಕಷ್ಟ. ನೀವು ಯಾವ ದೇಶದವರು, ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀರಿ, ಅದನ್ನು ಫೀಸ್ ಕಟ್ಟೋಕೆ ಮುಂಚೆ ಯೋಚಿಸಿ.