ಪ್ರಶ್ನೋತ್ತರ: ಇಲಿಯ ಜೀನ್, ನನ್ನ ಮಗಳ ಚಿಂತೆ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 34 ವರ್ಷ. ಎರಡು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂತ ಗೊತ್ತಾಯಿತು. ನರದ ಮೇಲಿನ ಮಯಲಿನ್ ಹೊದಿಕೆ ಹಾಳಾಗುವ ಕಾಯಿಲೆ ಅಂತ ಡಾಕ್ಟರು ಹೇಳಿದರು. ಒಂದೇ ಒಂದು ಜೀನ್ ಸೇರಿಸಿದರೆ ಇಲಿಗೆ ಈ ತೊಂದರೆ ಬರುವುದೇ ಇಲ್ಲ ಅಂತ ಓದಿದೆ. ಹೌದಾ? ನನ್ನ ಮಗಳಿಗೆ 7 ವರ್ಷ. ಅವಳಿಗೆ ಜೀನ್ ಟೆಸ್ಟ್ ಮಾಡಿಸಲಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ (ನರವಿಜ್ಞಾನ ಸಂಶೋಧಕಿ): ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ. ಟೆಸ್ಟ್ ಬೇಡ. ಅಪ್ಪ ಅಥವಾ ಅಮ್ಮನಿಗೆ ಎಂಎಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 2ರಿಂದ 3. ಇದು ಎಂಎಸ್ ಜಾಸ್ತಿ ಇರುವ ಯುರೋಪ್, ಕೆನಡಾ ಕಡೆಯ ಲೆಕ್ಕ. ನಮ್ಮ ದೇಶದಲ್ಲಿ ಕಾಯಿಲೆಯೇ ಅಲ್ಲಿಗಿಂತ ಕಡಿಮೆ.

ಇನ್ನು ಇಲಿ. ನೀವು ಓದಿದ್ದು ಸುಳ್ಳಲ್ಲ. ಥೈಲರ್ ವೈರಸ್ ಅಂತ ಒಂದಿದೆ. 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ಇಲಿಗಳಲ್ಲಿ ಗುರುತಿಸಿದ್ದು. ಅದನ್ನು ಎರಡು ತಳಿಯ ಇಲಿಗಳ ಮೆದುಳಿಗೆ ಒಂದೇ ಪ್ರಮಾಣದಲ್ಲಿ ಕೊಡುತ್ತಾರೆ. ಬಿ6 ಅಂತ ಕರೆಯುವ ತಳಿ ಎರಡು ಮೂರು ವಾರದಲ್ಲಿ ವೈರಸ್ಸನ್ನು ಪೂರ್ತಿ ಓಡಿಸುತ್ತದೆ. ಎಸ್‌ಜೆಎಲ್ ತಳಿಯಲ್ಲಿ ಇಲಿ ಸಾಯುವವರೆಗೂ ವೈರಸ್ ಒಳಗೇ ಉಳಿಯುತ್ತದೆ. ಅದರ ಜೊತೆ ಗುದ್ದಾಡುತ್ತಾ ಗುದ್ದಾಡುತ್ತಾ ರೋಗನಿರೋಧಕ ಕಣಗಳು ಮಯಲಿನ್ ಮೇಲೂ ಬೀಳುತ್ತವೆ. ಬೆನ್ನುಹುರಿಯನ್ನು ತೆಳ್ಳಗೆ ಕತ್ತರಿಸಿ, ಮಯಲಿನ್‌ಗೆ ಹಿಡಿಯುವ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಬಿ6 ಇಲಿಯದ್ದು ಅಂಚಿನವರೆಗೂ ಗಾಢ ನೀಲಿ. ಎಸ್‌ಜೆಎಲ್‌ನದ್ದರಲ್ಲಿ ಅಲ್ಲಲ್ಲಿ ಬಣ್ಣ ಹಿಡಿಯದ ತೇಪೆಗಳು. ಆ ಇಲಿ ಹಿಂಗಾಲು ಸೆಟೆದುಕೊಂಡು ಓಲಾಡುತ್ತಾ ನಡೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಂಕಟವಾಗುತ್ತದೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಚ್-2ಡಿ ಎಂಬ ಜೀನ್. ವೈರಸ್ಸಿನ ತುಣುಕನ್ನು ಕಣದ ಮೇಲೆ ಎತ್ತಿ ತೋರಿಸುವುದು ಅದರ ಕೆಲಸ. ತೋರಿಸಿದರೆ ತಾನೇ ಟಿ ಕಣ ಎಂಬ ರೋಗನಿರೋಧಕ ಕಣಗಳು ಬಂದು ಹೊಡೆಯುವುದು? ಬಿ6ನ ಈ ಜೀನ್ ಅನ್ನು ಎಫ್‌ವಿಬಿ ಎಂಬ ಮತ್ತೊಂದು ದುರ್ಬಲ ತಳಿಗೆ ಸೇರಿಸಿದಾಗ ಅದೂ ವೈರಸ್ಸನ್ನು ಓಡಿಸಿತು. ನೀವು ಓದಿದ್ದು ಬಹುಶಃ ಇದನ್ನೇ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಿ10.ಎಸ್ ಎಂಬ ತಳಿಯಲ್ಲಿ ಎಚ್-2ಡಿ ಸೇರಿದ ಎಚ್-2 ಗುಂಪಿನ ಜೀನ್‌ಗಳು ಎಸ್‌ಜೆಎಲ್‌ನವೇ. ಆದರೂ ಅದು ವೈರಸ್ಸನ್ನು ತಡೆದುಕೊಳ್ಳುತ್ತದೆ. ಹುಡುಕಿದಾಗ 10ನೇ ಕ್ರೋಮೋಸೋಮಿನಲ್ಲಿ, ವೈರಸ್ ವಿರುದ್ಧ ರೋಗನಿರೋಧಕ ಕಣಗಳಿಗೆ ಸಂಕೇತ ಕೊಡುವ ಇಂಟರ್‌ಫೆರಾನ್ ಗಾಮಾ ಜೀನ್‌ನ ಪಕ್ಕದಲ್ಲಿ ಬೇರೆ ಕಾರಣ ಸಿಕ್ಕಿತು. ಒಂದೇ ತಾಯಿಯ ಮಕ್ಕಳಂತಿರುವ ಪ್ರಯೋಗಾಲಯದ ಇಲಿಗಳಲ್ಲೇ ಹೀಗೆ. ಮನುಷ್ಯರಲ್ಲಿ ಎಂಎಸ್ ಜೊತೆ ಸಂಬಂಧ ಇರುವ ಜೀನ್ ಜಾಗಗಳು 200ಕ್ಕೂ ಹೆಚ್ಚು. ಅದರಲ್ಲಿ ದೊಡ್ಡದು ರೋಗನಿರೋಧಕ ಜೀನ್ ಒಂದರ ರೂಪವಾದ ಎಚ್‌ಎಲ್‌ಎ-ಡಿಆರ್‌ಬಿ1*15:01. ಅದಿದ್ದರೆ ಅಪಾಯ ಸುಮಾರು ಮೂರು ಪಟ್ಟು. ಆದರೂ ಅದಿರುವ ಬಹುಪಾಲು ಜನರಿಗೆ ಎಂಎಸ್ ಬರುವುದೇ ಇಲ್ಲ. ಟೆಸ್ಟ್ ಬೇಡ ಅಂದಿದ್ದು ಇದಕ್ಕೇ.

ಇನ್ನೊಬ್ಬ ಸದಸ್ಯರು: ಮೇಡಂ, ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ನಂಬಬಹುದಾ?

ಉತ್ತರ: ಎಚ್ಚರದಿಂದ ನಂಬಬೇಕು ಸರ್. ಎಂಎಸ್ ರೋಗಿಗಳಿಗೆ ಕೊಡುವ ನಟಾಲಿಝುಮ್ಯಾಬ್ ಔಷಧಿಗೆ ದಾರಿಯಾಗಿದ್ದು ಪ್ರಾಣಿಗಳ ಮೇಲೆ 1992ರಲ್ಲಿ ನಡೆದ ಪ್ರಯೋಗ. ಆದರೆ ಉರಿಯೂತ ಹೆಚ್ಚಿಸುವ ಪ್ರೋಟೀನ್ ಟಿಎನ್‌ಎಫ್ ತಡೆದರೆ ಪ್ರಾಣಿಗಳಿಗೆ ಗುಣ ಕಂಡಿತ್ತು, ರೋಗಿಗಳಿಗೆ ಕಾಯಿಲೆ ಹೆಚ್ಚಾಯಿತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಸ್ವಲ್ಪ ಉಸಿರು ಬಂತು. ನನ್ನ ಬಗ್ಗೆ ಒಂದು ಮಾತು. ಸ್ಕ್ಯಾನಿನಲ್ಲಿ ಕಲೆಗಳು ಜಾಸ್ತಿ ಇವೆ. ನಡೆಯುವುದು ನಿಂತೇ ಹೋಗುತ್ತಾ?

ಉತ್ತರ: ಕಲೆ ಎಣಿಸಿ ನಡಿಗೆಯ ಭವಿಷ್ಯ ಹೇಳಲು ಆಗುವುದಿಲ್ಲಮ್ಮ. ಇದನ್ನೂ ಇಲಿಗಳೇ ತೋರಿಸಿದವು. 1998ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ತಂಡ, ಎಚ್-2ಡಿಯಂಥವು ಕೆಲಸ ಮಾಡಲು ಬೇಕಾದ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಜೀನ್ ಇಲ್ಲದ ಇಲಿಗಳಿಗೆ ಥೈಲರ್ ವೈರಸ್ ಕೊಟ್ಟಿತು. ಮಯಲಿನ್ ಚೆನ್ನಾಗಿಯೇ ಹಾಳಾಯಿತು. ಇಲಿಗಳು ಮಾತ್ರ ಸರಿಯಾಗಿ ಓಡಾಡಿಕೊಂಡಿದ್ದವು! ಹೊದಿಕೆ ಹೋಗಿತ್ತು, ಒಳಗಿನ ನರತಂತು ಉಳಿದಿತ್ತು. ಮಯಲಿನ್ ಹೋಗುವುದು ಬೇರೆ, ಕೈಕಾಲು ಸೋಲುವುದು ಬೇರೆ.

2023ರಲ್ಲಿ 12,000ಕ್ಕೂ ಹೆಚ್ಚು ರೋಗಿಗಳ ಜೀನ್ ನೋಡಿದಾಗಲೂ ಇದೇ ದಿಕ್ಕು ಕಂಡಿತು. ಕಾಯಿಲೆ ಬರುವುದಕ್ಕೆ ಹೆಚ್ಚಾಗಿ ರೋಗನಿರೋಧಕ ಜೀನ್‌ಗಳು ಕಾರಣ. ಎಷ್ಟು ಬೇಗ ಬಲಿಯುತ್ತದೆ ಎನ್ನುವುದರಲ್ಲಿ ನರಮಂಡಲದ ಜೀನ್‌ಗಳ ಪಾತ್ರ ಇದೆ. ಸಿಗರೇಟು ಅದನ್ನು ಇನ್ನಷ್ಟು ಬೇಗ ಬಲಿಸುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಇವತ್ತೇ ಹೊರಗೆ ಕಳಿಸಿ. ಔಷಧಿ ಒಂದು ದಿನವೂ ತಪ್ಪಿಸಬೇಡಿ.