ಕೆರೆಗೆ ವಾಕಿಂಗ್ ಬರುವವರಿಗೆ ನೀರಿನ ವಿಜ್ಞಾನ ತೋರಿಸುವುದು ಹೇಗೆ?

ಕೆರೆಏರಿ ಹುಡುಗಿ:
ಮೈಸೂರಿನಲ್ಲಿ ಪರಿಸರ ವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ್ದೇ ಅಲ್ವಾ, ಅಲ್ಲಿ ಬರುವ ಜನರಿಗೆ ಏನಾದರೂ ಮಾಡಿ ತೋರಿಸಿ ಎಂದು ನಮ್ಮ ಮೇಡಂ ಹೇಳಿದ್ದಾರೆ. ಹಿಂದೊಮ್ಮೆ ಸೀನಿಯರ್‌ಗಳು ಯೂಟ್ರೊಫಿಕೇಷನ್ (ಚರಂಡಿ ನೀರಿನಂಥವುಗಳಿಂದ ಪೋಷಕಾಂಶ ಹೆಚ್ಚಾಗಿ ಕೆರೆಯಲ್ಲಿ ಪಾಚಿ ವಿಪರೀತ ಬೆಳೆಯುವುದು) ಬಗ್ಗೆ ಪೋಸ್ಟರ್ ಹಾಕಿದ್ದರಂತೆ. ಜನ ಹೆಜ್ಜಾರ್ಲೆ ಫೋಟೊ ನೋಡಿ ಮುಂದೆ ನಡೆದರಂತೆ. ಬೇರೆ ಐಡಿಯಾ ಇದ್ದರೆ ಹೇಳಿ. ಖರ್ಚು ಜಾಸ್ತಿ ಆಗಬಾರದು.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:
ಪೋಸ್ಟರ್ ಬಿಡಮ್ಮ. ನಿಮ್ಮ ಲ್ಯಾಬಿನಲ್ಲಿ ಬಿಒಡಿ ಬಾಟಲಿ ಇದ್ದೇ ಇರುತ್ತವೆ, ನೀರಿನಲ್ಲಿ ಕರಗಿದ ಆಮ್ಲಜನಕ ಪರೀಕ್ಷಿಸುವ ಬಿರಡೆಯ ಗಾಜಿನ ಬಾಟಲಿ, 300 ಮಿ.ಲೀ.ನವು. ಎರಡು ತಗೊಂಡು ಹೋಗಿ. ಬೆಳಗಿನ ಜಾವ, ಬಿಸಿಲು ಬೀಳುವ ಮೊದಲು ಒಂದರಲ್ಲಿ ಕೆರೆ ನೀರು ತುಂಬಿ. ಒಳಗೆ ಒಂದು ಗುಳ್ಳೆಯೂ ಇರಬಾರದು. ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಆಲ್ಕಲಿ ಅಯೊಡೈಡ್ 2 ಮಿ.ಲೀ. ಹಾಕಿ, ಬಿರಡೆ ಬಿಗಿದು ಬಾಟಲಿ ಮೇಲೆ ಕೆಳಗೆ ಮಾಡಿ. ಸಂಜೆಯ ವಾಕಿಂಗ್ ಹೊತ್ತಿಗೆ ಇನ್ನೊಂದು ಬಾಟಲಿಯಲ್ಲಿ ಜನರ ಎದುರಿಗೇ ಹಾಗೇ ಮಾಡಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೂರುತ್ತದೆ. ಇಲ್ಲವೇ ಇಲ್ಲ ಅಂದರೆ ಬರೀ ಬಿಳಿ. ಹಸಿರು ನೀರಿನ ಕೆರೆಯಾದರೆ ಸಂಜೆಯ ಬಾಟಲಿ ಕಡು ಕಂದು, ಬೆಳಗಿನದು ಪೇಲವ.

ಆದರೆ ತೋರಿಸುವ ಮೊದಲು ಕೇಳಿ: "ಮೀನಿಗೆ ಉಸಿರಾಡಲು ಯಾವ ಹೊತ್ತು ಸುಲಭ? ಬೆಳಗ್ಗೆಯೋ, ಸಂಜೆಯೋ?" ಬೆಳಗ್ಗೆ ಅನ್ನುವವರೇ ಜಾಸ್ತಿ. ಬೆಳಗಿನ ಗಾಳಿ ತಂಪು, ಶುದ್ಧ ಅನ್ನುವ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆಯಲ್ಲ. ಪಾಚಿ ರಾತ್ರಿಯಿಡೀ ಆಮ್ಲಜನಕ ತಿನ್ನುತ್ತದೆ, ಹಗಲು ಬಿಸಿಲಿನಲ್ಲಿ ವಾಪಸ್ ಕೊಡುತ್ತದೆ ಎಂದು ಆಗ ಹೇಳಿ, ಕಿವಿಗೊಡುತ್ತಾರೆ.

ಇದು ನನ್ನ ಹುಚ್ಚು ಅಂದುಕೊಳ್ಳಬೇಡಿ. ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಫಿಸಿಕ್ಸ್ ಪ್ರಯೋಗವನ್ನು ಸುಮ್ನೆ ನೋಡಿದ ವಿದ್ಯಾರ್ಥಿಗಳಿಗೂ, ನೋಡದೇ ಇದ್ದವರಿಗೂ ತಿಳಿದದ್ದರಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಏನಾಗಬಹುದು ಎಂದು ಮೊದಲೇ ಊಹೆ ಹೇಳಿ ಆಮೇಲೆ ನೋಡಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ನಾವು ಮೇಷ್ಟ್ರುಗಳು ಇದನ್ನು ಓದಿ, ತಲೆಯಾಡಿಸಿ, ಮತ್ತೆ ಪೋಸ್ಟರ್ ಮಾಡಿಸುತ್ತೇವೆ!

ವಾಕಿಂಗ್ ರಾಯರು:
ಚೆನ್ನಾಗಿದೆ ಸಾರ್. ಆದರೆ ನಾನು ಆ ವಾಕಿಂಗ್ ಗುಂಪಿನವನೇ. ಕೆರೆಗೆ ಚರಂಡಿ ನೀರು ಬಂದರೆ ಮೀನು ಸಾಯುತ್ತದೆ ಎಂದು ನಮಗೂ ಗೊತ್ತು. ಬಣ್ಣ ನೋಡಿ ಮನೆಗೆ ಹೋಗಿ ನಾವು ಮಾಡುವುದಾದರೂ ಏನು? ಮತ್ತೆ, ನಡೆಯುವವರನ್ನು ಅಡ್ಡಗಟ್ಟಬೇಡಿ, ಸಿಟ್ಟು ಬರುತ್ತದೆ. ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಹರಟುವವರ ಬಳಿ ಹೋಗಿ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:
ರಾಯರೇ, ಗೊತ್ತು ಅನ್ನುತ್ತೀರಿ. ಹಾಗಾದರೆ ಮೋಡ ಕವಿದ ದಿನದ ಮಾರನೇ ಬೆಳಗ್ಗೆ ಮೀನು ಸಾಯುವುದು ಯಾಕೆ ಹೇಳಿ ನೋಡೋಣ! ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಮೊದಲು ಕಾಣುವವರು ಬೆಳಗಿನ ವಾಕಿಂಗಿನವರೇ. ಕಂಡ ದಿನ, ಹೊತ್ತು ಬರೆದಿಡಿ. ಅರ್ಜಿ ಕೊಡುವಾಗ "ಕೆರೆ ಹಾಳಾಗಿದೆ" ಅನ್ನುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಕೆರೆಏರಿ ಹುಡುಗಿ:
ಥ್ಯಾಂಕ್ಸ್ ಸರ್, ಬಾಟಲಿ ಸಿಗುತ್ತವೆ. ಆಮೇಲೆ ಆಸಿಡ್ ಹಾಕಿ ಟೈಟ್ರೇಷನ್ (ಆಮ್ಲಜನಕ ಎಷ್ಟಿದೆ ಎಂದು ಅಳೆಯುವುದು) ಕೂಡ ಅಲ್ಲೇ ತೋರಿಸಲಾ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು:
ಬೇಡ ತಾಯಿ. ಜನರೆದುರು, ಅದರಲ್ಲೂ ಮಕ್ಕಳಿದ್ದಾಗ ಸಲ್ಫ್ಯೂರಿಕ್ ಆಸಿಡ್ ಬಾಟಲಿ ತೆರೆಯಲೇಬೇಡಿ. ಆಲ್ಕಲಿಯೂ ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಮುಗಿದ ಮೇಲೆ ಬಾಟಲಿಯಲ್ಲಿದ್ದದ್ದನ್ನು ಕೆರೆಗೆ ಸುರಿಯದೆ ಲ್ಯಾಬಿಗೇ ತನ್ನಿ.